ಅಳತೆ ಪುಸ್ತಕ

ಮಂಗಳವಾರ, ಶುಕ್ರವಾರ ನಾನು ಹೋಗುವುದು
ಕ್ಲಿಫರ್ಡ್ ಬ್ಲೆಂಕಿನ್ನರ ಕಾಲಹುಣ್ಣಿಗೆ ಪಟ್ಟಿ ಕಟ್ಟಲು.
ಯಾರ್ಕ್‌ಶೈರಿನ ಪೂರ್ವದಂಚು. ರಸ್ತೆ ನೇರ ಸಮುದ್ರದತ್ತ ಹೋಗಿ
ಒಂದು ಕೆಂಪು ಬೋರ್ಡಿನ ಹಿಂದೆ ನಿಂತುಬಿಡುತ್ತದೆ,
ಮಾತಿನ ನಡುವೆ ಹೆಸರು ಮರೆತವರ ಹಾಗೆ.

ಹಳೆ ಪಟ್ಟಿ ಬಿಚ್ಚುವಾಗ ಅವರು ಅಮ್ಮಾ ಎನ್ನುವುದಿಲ್ಲ;
ಊರುಗಳ ಹೆಸರು ಹೇಳುತ್ತಾರೆ, ಉತ್ತರದಿಂದ ದಕ್ಷಿಣಕ್ಕೆ:
ಮಾರ್‌ವಿಕ್, ಸ್ಯಾಂಡ್‌ಹೋಮ್, ಹಳೆ ಕಾಟಥೋರ್ಪ್, ಉಲ್ಫ್‌ಬಿ.
ಕಂಡಕ್ಟರ್ ಸ್ಟಾಪು ಕೂಗಿದ ಹಾಗೆ,
ಇಳಿಯುವವರು ಮಾತ್ರ ಯಾರೂ ಇಲ್ಲ.
ಅಷ್ಟೂ ಸ್ಟಾಪು ಈಗ ನೀರೊಳಗೆ.
ಅವರಿರುವುದು ಹೊಸ ಕಾಟಥೋರ್ಪಿನಲ್ಲಿ.
ಹೊಸದೆಂದರೆ, ನಾನೂರು ವರ್ಷ.

"ಬಿ ಅಂದರೆ ಹಳ್ಳಿ. ಥೋರ್ಪ್, ಹಳ್ಳಿ ಹಾಕಿದ ಮರಿ.
ವಿಕ್ ಅಂದರೆ ಹಾಲು ಕರೆಯುವ ಕೊಟ್ಟಿಗೆ. ನೆಸ್ ಅಂದರೆ ಮೂಗು,
ಕಡಲಿಗೆ ಚಾಚಿದ್ದು, ಸದಾ ಶೀತ ಹಿಡಿದದ್ದು."
ಮತ್ತೆ ಹೋಮ್?
"ನೀರು ಸುತ್ತಿದ ಒಣ ದಿಬ್ಬ."
ಓ, ಕುದ್ರು! ಅಂದೆ.
ಅವರು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು: ಕುಡ್ರೂ.
ಬರೆಯುವಾಗ ಅದಕ್ಕೊಂದು ಎಲ್ ಇದೆ, ಹೇಳುವಾಗ ಇಲ್ಲ;
ಕಿವಿಗೆ ಮನೆಯೂ ಕುದ್ರುವೂ ಒಂದೇ.

ಉಲ್ಫ್ ಯಾರು? ಗೊತ್ತಿಲ್ಲ. ತೋಳನ ಹೆಸರು ಹೊತ್ತ ಒಬ್ಬ.
ಪುಸ್ತಕದಲ್ಲಿ ಪೆನ್ಸಿಲಿನಲ್ಲಿ, ಊಹೆ ಎಂದು ಒಪ್ಪಿಕೊಂಡು, ಹೀಗಿದೆ:
ದೋಣಿ ಮೇಲಕ್ಕೆಳೆದ, ಕವುಚಿದ, ಅದರಡಿ ಮಲಗಿದ.
ಬೆಳಗ್ಗೆ ಮಳೆ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ.
ಊರು ಅಂದರೆ ಅಷ್ಟೇ,
ಹೊರಡಲಾಗದೆ ಉಳಿದದ್ದಕ್ಕೆ ಆಮೇಲೆ ಇಟ್ಟ ಹೆಸರು.
ಕಂದಾಯದ ಗುಮಾಸ್ತ ಅದನ್ನು ಮೂರು ಪುಟದಲ್ಲಿ ಮೂರು ಥರ ಬರೆದ;
ಮೂರು ಊರೆಂದು ಮೂರು ಸಲ ತೆರಿಗೆ ಎತ್ತಿದರಂತೆ.

ಬಿರುಗಾಳಿಯ ರಾತ್ರಿ ನೀರಡಿಯಿಂದ ಚರ್ಚಿನ ಗಂಟೆ ಕೇಳುತ್ತದೆಂದು
ಪಬ್ಬಿನಲ್ಲಿ ಪ್ರವಾಸಿಗರಿಗೆ ಹೇಳುತ್ತಾರೆ.
"ಶುದ್ಧ ಸುಳ್ಳು. ಎರಡೂ ಗಂಟೆ ಮಾರಿದರು,
ಚರಂಡಿ ತೋಡಿಸಿದ ಸಾಲ ತೀರಿಸಲು.
ರಸೀದಿ ಇದೆ ನನ್ನ ಹತ್ತಿರ."
ಚರಂಡಿ?
"ಅದೂ ಹೋಯಿತು."
ಆಮೇಲೆ ಸಮಾಧಿಗಳ ಸರದಿ. ಕಡಿದಾದ ಮಣ್ಣಿನಿಂದ
ಕಾಲುಗಳು ಹೊರಗೆ ಬಂದಾಗ, ಅವರ ಮುತ್ತಜ್ಜಿ ಹೆಪ್ಸಿಬಾ,
ಹತ್ತು ವರ್ಷದವಳು, ಕೈಗಾಡಿಯಲ್ಲಿ ಮೂಳೆ ಹೆಕ್ಕಿ ತಂದಳು,
ಗಾಡಿಗೆ ಒಂದು ಪೆನ್ನಿಯಂತೆ. ಯಾರದು ಯಾವುದೆಂದು
ಬೇರ್ಪಡಿಸಲು ಹೋಗಲಿಲ್ಲ. ಹೇಗೂ ಎಲ್ಲರೂ ನೆಂಟರೇ.

ಮೂವತ್ತೊಂಬತ್ತು ವರ್ಷ, ಪ್ರತಿ ತಿಂಗಳ ಒಂದನೇ ತಾರೀಖು,
ಹಿತ್ತಿಲ ಬಾಗಿಲಿಂದ ಅಂಚಿನ ತನಕ ಟೇಪು ಹಿಡಿದವರು.
ಮೊದಲ ಪುಟ: ನೂರಾ ನಾಲ್ಕು ಮೀಟರು.
ಸೇಬಿನ ಮರ ಎರಡು. ಕೋಳಿಗೂಡು. ಆಲಿಸ್‌ಳ ಬಟ್ಟೆ ಹಗ್ಗ.
ಕಾಲು ಏಳದ ಈ ತಿಂಗಳು ಟೇಪು ನನ್ನ ಕೈಗೆ ಬಂತು.
ಕೌನ್ಸಿಲಿನ ಪತ್ರ ಫ್ರಿಜ್ಜಿನ ಮೇಲೆ, ಆಯಸ್ಕಾಂತದ ಏಡಿಯ ಕಾಲಡಿ.
ಅದರ ತಾರೀಖು ನಾನು ಓದಲಿಲ್ಲ.

ತುದಿಗೆ ಒಂದು ಇಟ್ಟಿಗೆ ಹೇರಿ ನಡೆದೆ.
ಒದ್ದೆ ಹುಲ್ಲು. ಟೇಪು ಗಾಳಿಗೆ ಪಟಪಟ.
ಅಂಚಿನಲ್ಲಿ ಬೇಲಿಯ ಗೂಟವೊಂದು ತನ್ನ ತಂತಿಗೇ ನೇತುಬಿದ್ದಿತ್ತು;
ಕೆಳಗೆ ಕಂದು ನೀರು,
ನಾಲ್ಕೂರ ಮಣ್ಣು ಕದಡಿದ ಚಹಾ.
ಹದಿಮೂರು ಮೀಟರು ನಲವತ್ತು! ಕೂಗಿದೆ.
ಕಿಟಕಿಯೊಳಗೆ ಅವರು ಪೆನ್ಸಿಲಿನ ತುದಿ ನೆಕ್ಕಿದರು, ಬರೆಯಲಿಲ್ಲ.
"ಎಲ್ಲಿಂದ ಹಿಡಿದೆ? ಹೊಸ್ತಿಲಿಂದಲೋ, ಗೋಡೆಯಿಂದಲೋ?"

ನೆನಪಿರಲಿಲ್ಲ.
ಟೇಪು ಸುತ್ತಿಕೊಳ್ಳುತ್ತ ವಾಪಸು ಬಂದೆ ಬಾಗಿಲಿಗೆ.